ಅರಗಿನ ಮೇಲೆ ಯಾರ ಮುದ್ರೆ

ಅಧ್ಯಕ್ಷರ ಕುರ್ಚಿಯಲ್ಲಿರುವ ಹೆಡ್‌ಮಾಸ್ತರ ಗುರುಸಿದ್ದಯ್ಯನವರೇ, ಅಂಚೆ ಕಚೇರಿಯಿಂದ ಬಂದ ಹಿರಿಯರೇ, ಇವತ್ತು ನಾವು ಶಾಲು ಹೊದಿಸಿ ಬೀಳ್ಕೊಡಲಿರುವ ನಮ್ಮ ಓಣಿಯ ಟಪಾಲಿನ ಫಕ್ರುಸಾಬರೇ, ಭಜನಾ ಮಂಡಳಿಯ ಅಕ್ಕತಂಗಿಯರೇ, ಜಾಗ ಸಾಲದೆ ಗೋಡೆಗೆ ಒರಗಿ ನಿಂತ ಸಭಿಕರೇ,

ನನ್ನ ಹೆಸರು ಅಂಬಾಬಾಯಿ. ಮಂಡಳಿಯ ಪರವಾಗಿ ನಾಲ್ಕು ಮಾತು ಆಡಬೇಕೆಂದು ನನ್ನನ್ನು ನಿಲ್ಲಿಸಿದ್ದಾರೆ. ನಾನು ಹಳ್ಳಿಯ ಸಾಲಿಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಕಲಿತವಳು. ಬರೆದುಕೊಂಡೇ ಬಂದಿದ್ದೇನೆ. ಕಾಗದವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದೇನೆ, ಮುಂದಿನ ಸಾಲಿನವರಿಗೆ ಕಾಣುತ್ತಿರಬೇಕು. ಐವತ್ತು ವರ್ಷದ ಹೆಂಗಸು ಮೈಕಿಗೆ ಹೆದರಿದಳೆಂದು ನಗಬೇಡಿ. ನನ್ನ ಹೆದರಿಕೆ ಮೈಕಿನದಲ್ಲ.

ಅಧ್ಯಕ್ಷರು ಈಗತಾನೆ ಹೇಳಿದರು: ಫಕ್ರುಸಾಬರು ಮೂವತ್ತೆರಡು ವರ್ಷದ ಚಾಕರಿಯಲ್ಲಿ ಒಂದು ಕಾಗದ ಕಳೆದಿಲ್ಲ, ಒಂದು ಸುಳ್ಳು ಆಡಿಲ್ಲ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ಅಧ್ಯಕ್ಷರು ಕ್ಷಮಿಸಬೇಕು. ಮೊದಲನೆಯ ಮಾತು ಖರೆ, ಎರಡನೆಯದು ಖರೆಯಲ್ಲ. ಅವರು ಒಂದು ಸುಳ್ಳು ಆಡಿದ್ದಾರೆ. ಆಡಿಸಿದವಳು ನಾನು.

ದಯವಿಟ್ಟು ಯಾರೂ ನನ್ನನ್ನು ಕೂಡ್ರಿಸಬೇಡಿ. ಕುಳಿತರೆ ಮತ್ತೆ ಏಳುವ ಧೈರ್ಯ ನನಗಿಲ್ಲ.

ಚೀನಾದ ಯುದ್ಧ ಹತ್ತಿದ ವರ್ಷ ನನಗೆ ಪುಕ್ಕಟೆ ಕಾಶಿಯಾತ್ರೆಯ ಬಹುಮಾನ ಬಂದದ್ದು ನಿಮಗೆಲ್ಲ ನೆನಪಿದೆ. ಮರೆಯುವುದು ಹೇಗೆ? ಹಾರ ಹಾಕಿದವರು ನೀವೇ. ಧಾರವಾಡ ಸ್ಟೇಷನ್ನಿನವರೆಗೆ ತಾಳ ಹಾಕುತ್ತ, ಹಾಡುತ್ತ ಬಂದವರು ನೀವೇ. ಅದಕ್ಕೂ ಮೊದಲು ಒಂದು ಏಕಾದಶಿಯ ದಿನ ಊದಿನಕಡ್ಡಿ ಮಾರುವವನೊಬ್ಬ ನಮ್ಮ ಮಂಡಳಿಗೆ ಬಂದಿದ್ದ. ಹಣೆಯ ತುಂಬ ಗಂಧ, ಬಾಯಿ ತುಂಬ ದೇವರ ನಾಮ. "ಈ ಓಣ್ಯಾಗ ಎಲ್ಲಾರೂ ಯಾರ ಮಾತು ಕೇಳತಾರ್ರಿ?" ಎಂದು ಕೇಳಿದ. ನೀವೆಲ್ಲ ನನ್ನ ಕಡೆ ಬೆರಳು ಮಾಡಿದಿರಿ. ನಾನು ಸೆರಗು ಸರಿಮಾಡಿಕೊಂಡೆ. ಆ ಗಳಿಗೆಯಲ್ಲಿ ನನಗೆ ಎಷ್ಟು ಹಿತವಾಯಿತೆಂದರೆ, ಅವನು ನನ್ನ ವಿಳಾಸ ಯಾಕೆ ಬರೆದುಕೊಂಡನೆಂದು ಕೇಳುವುದನ್ನೇ ಮರೆತೆ.

ದಸರೆ ಮುಗಿದ ವಾರ ಪತ್ರ ಬಂತು. ಊದಿನಕಡ್ಡಿ ಕಂಪನಿಯ ಮುಂಬಯಿ ಮುಖ್ಯ ಕಚೇರಿಯಿಂದ ಎಂದು ಮೇಲೆ ಅಚ್ಚಾಗಿತ್ತು. ಭಕ್ತಿವಂತ ಮಹಿಳೆಯರಲ್ಲಿ ನನ್ನನ್ನು ಆರಿಸಿದ್ದಾರಂತೆ. ಕಾರ್ತಿಕಮಾಸದಲ್ಲಿ ಕಾಶಿ, ಪ್ರಯಾಗ. ಜೊತೆಗೆ ಇಪ್ಪತ್ತು ಜನ ಹೆಂಗಸರು, ಮಡಿಯಲ್ಲಿ ಅಡಿಗೆ ಮಾಡುವ ಆಚಾರ್ಯರು, ಎಲ್ಲ ಖರ್ಚು ಕಂಪನಿಯದು. "ಒಂದು ಪೈಸೆಯನ್ನೂ ಕಳಿಸಬಾರದು" ಎಂದು ಬರೆದಿದ್ದರು. ನಮ್ಮ ಮನೆಯವರು, ಪಂಢರಿನಾಥರಾಯರು, ಮೂರನೆಯ ಸಾಲಿನಲ್ಲಿ ಕುಳಿತು ಈಗ ತಲೆ ಕೆಳಗೆ ಹಾಕಿದ್ದಾರೆ. ಅವರು ಅವತ್ತು ಚಾಳೀಸು ಏರಿಸಿ ಓದಿ, "ಪುಕ್ಕಟ ಅಂದರ ಪೇಟ್ಯಾಗ ಕರಿಬೇವೂ ಕೊಡೂದಿಲ್ಲ" ಎಂದಿದ್ದರು. "ರೊಕ್ಕ ಕೇಳಿದ್ದರ ಮೋಸ ಅನಬಹುದಿತ್ತು. ಕೇಳೇ ಇಲ್ಲಲ್ಲ? ಬ್ಯಾಡಂದಾವ್ರು ಮೋಸ ಹೆಂಗ ಮಾಡತಾರ?" ಎಂದು ನಾನು ಬಾಯಿ ಮುಚ್ಚಿಸಿದೆ. ಎಷ್ಟು ಶಹಾಣಿ ನಾನು, ನೋಡಿ.

ಪತ್ರದ ಕೊನೆಯಲ್ಲಿ ಇನ್ನೊಂದು ಮಾತಿತ್ತು. ದಾರಿಯಲ್ಲಿ ಕಳ್ಳರ ಕಾಟ. ಆದ್ದರಿಂದ ಯಾತ್ರಿಕರ ಒಡವೆ ಮತ್ತು ಮುಡಿಪುಗಳನ್ನು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಕಂಪನಿಯ ಪೆಟ್ಟಿಗೆಯಲ್ಲಿಟ್ಟು, ಅರಗು ಹಚ್ಚಿ ಕಂಪನಿಯ ಮುದ್ರೆ ಒತ್ತಲಾಗುವುದು. ನನಗೆ ಕಣ್ಣಲ್ಲಿ ನೀರು ಬಂತು. ಎಷ್ಟು ಕಾಳಜಿಯ ಜನ!

ಸಭಿಕರೇ, ಪೇಟೆಯ ಕಳ್ಳನಿಗೆ ಕಿಸೆ ಗೊತ್ತು. ಇವನಿಗೆ ನಮ್ಮ ಪದ್ಧತಿ ಗೊತ್ತಿತ್ತು. ಒಬ್ಬರು ಕಾಶಿಗೆ ಹೊರಟರೆ ಓಣಿಯೇ ಹೊರಟಂತೆ ಅಲ್ಲವೇ? ಹೋಗಲಾರದವರು ತಮ್ಮ ಹರಕೆಯನ್ನು ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಡುವುದಿಲ್ಲವೇ? ಕೊಟ್ಟ ಮುಡಿಪನ್ನು ತಿರುಗಿ ಕೇಳುವವರುಂಟೇ? ಕಟ್ಟಿದ ಗಂಟನ್ನು ಬಿಚ್ಚಿ ನೋಡುವವರುಂಟೇ? ಬಡವಿ ಅಂಬಾಬಾಯಿಯ ಹತ್ತಿರ ಏನಿದೆ ಕದಿಯಲು? ಏನಿಲ್ಲ. ಆದರೆ ಎಂಟು ದಿನ ಬಿಟ್ಟರೆ ಇಡೀ ಓಣಿ ತಾನಾಗಿಯೇ ಬಂದು ನನ್ನ ಉಡಿ ತುಂಬುತ್ತದೆಂದು ಅವನಿಗೆ ಗೊತ್ತಿತ್ತು.

ಇಪ್ಪತ್ತಮೂರು ಮುಡಿಪು ಬಂದವು. ಮೂಗುತಿ, ಬಂಗಾರದ ಬಿಲ್ವದಳ, ಬೆಳ್ಳಿಯ ತೊಟ್ಟಿಲು. ಕೆಲಗೇರಿಯಿಂದ ಸೊಪ್ಪು ತರುವ ಗುಡ್ಡವ್ವ ಕಟ್ಟೆಯ ಕೆಳಗೆ ನಿಂತು, "ಯವ್ವಾರ, ಗಂಗವ್ವಗ ನಂದೂ ಒಂದು ಹೇಳ್ರಿ. ನನ್ನ ಹೆಸರು ಮರತರೂ ನಡೀತೈತಿ, ನನ್ನ ಮಗಳ ಹೆಸರು ಮರೀಬ್ಯಾಡ್ರಿ" ಎಂದು ಒಂದು ರೂಪಾಯಿಯ ಗಂಟು ಚಾಚಿದಳು. ನಾನು ಕೈ ತಾಗದಂತೆ ಮೇಲಿನಿಂದ ಹಾಕಿಸಿಕೊಂಡೆ. ಅವಳು ಇವತ್ತು ಬಾಗಿಲ ಹೊರಗೆ ನಿಂತಿದ್ದಾಳೆ. ಒಳಗೆ ಬಾ ಎಂದು ಯಾರೂ ಕರೆದಂತಿಲ್ಲ. ಬಾ ಗುಡ್ಡವ್ವ, ಒಳಗೆ ಬಾ. ನಿನ್ನ ಮಾತೂ ಇದರಲ್ಲಿದೆ.

ಕೊನೆಗೆ ಕಾಶೀಬಾಯಿ ಬಂದರು. ಹೆಸರಿನಲ್ಲಿ ಕಾಶಿ ಇದ್ದರೂ ಹುಬ್ಬಳ್ಳಿಯಾಚೆ ಕಂಡವರಲ್ಲ. ಅವರ ಯಜಮಾನರು ಯಜ್ಞೇಶ್ವರ ಮಾಸ್ತರರು ತೀರಿಕೊಂಡು ಆಗ ಹನ್ನೊಂದು ವರ್ಷ. ಅವರ ಅಸ್ಥಿಯ ತಾಮ್ರದ ಗಿಂಡಿ ಹಿತ್ತಲ ಬೇವಿನ ಮರದಲ್ಲೇ ತೂಗುತ್ತಿತ್ತು. ಅದು ಗಂಗೆಗೆ ಸೇರುವವರೆಗೆ ಸಿಹಿ ಮುಟ್ಟುವುದಿಲ್ಲವೆಂದು ಕಾಶೀಬಾಯಿಯ ನೇಮ. ಗಿಂಡಿಯನ್ನು ನನ್ನ ಕೈಯಲ್ಲಿಟ್ಟು, "ಅಂಬಾ, ಇನ್ನ ನಾ ಹಗರಾದೆ" ಎಂದರು. ಅವರು ಹಗುರಾದರು. ಗಿಂಡಿ ನನ್ನ ಕೈಯಲ್ಲಿ ಕಲ್ಲಾಯಿತು.

ಯಾಕೆಂದರೆ ಅದಕ್ಕೆ ನಾಲ್ಕು ದಿನ ಮೊದಲೇ ಫಕ್ರುಸಾಬರು ನಾನು ತೋರಿಸಿದ ಆ ಪತ್ರದ ಪಾಕೀಟನ್ನು ತಿರುವಿ ನೋಡಿ ಹೇಳಿದ್ದರು: "ಬಾಯಾರ, ಸಿಟ್ಟಾಗಬ್ಯಾಡ್ರಿ. ಈ ಪಾಕೀಟು ಮುಂಬಯಿ ಕಂಡಿಲ್ಲರಿ. ಟಪಾಲ ಕಚೇರಿ ಶಿಕ್ಕಾ ನೋಡ್ರಿ, ಹುಬ್ಬಳ್ಳ್ಯಾಗ ಡಬ್ಬಿಗೆ ಬಿದ್ದೈತಿ."

ನಾನು ಏನೆಂದೆ? ನಾಲ್ಕು ವರ್ಷದಿಂದ ಈ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕುಳಿತಿದೆ. ಮೀನು ತಿಂದವಳಲ್ಲ ನಾನು, ಆದರೂ ಹೇಳುತ್ತೇನೆ. "ಕಾಶಿ ವಿಷಯ ನಿಮಗೇನು ತಿಳೀತದ, ಸಾಬರ?" ಎಂದೆ. ಅವರು ಪಾಕೀಟನ್ನು ನನ್ನ ಕೈಗೆ ತಿರುಗಿ ಕೊಟ್ಟರು. "ಕಾಶಿ ವಿಷಯ ಗೊತ್ತಿಲ್ಲರಿ ಬಾಯಾರ. ಶಿಕ್ಕಾ ವಿಷಯ ಗೊತ್ತೈತಿ," ಎಂದು ಸೈಕಲ್ ಹತ್ತಿ ಹೋದರು.

ಅಂದಿನಿಂದ ಹೆದರಿಕೆ ಶುರುವಾಯಿತು. ಅಗಳಿ ಸದ್ದಾದರೆ ಸಾಕು: ಇನ್ನೊಂದು ಮುಡಿಪು ಬಂತೇ? ಬಂದವರು ಕಾಲಿಗೆ ಬೀಳುತ್ತಿದ್ದರು. ಬೀಳಬೇಡಿ ಎಂದರೆ ಇನ್ನಷ್ಟು ಬಗ್ಗುತ್ತಿದ್ದರು. ದೇವರಿಗೆ ಹೂ ಏರಿಸಿ ಕೇಳಿದೆ: ಹೋಗಲೇ? ಹೂ ಎಡಕ್ಕೆ ಬಿತ್ತು. ಗಾಳಿ ಬಂದಿರಬೇಕೆಂದು ಕಿಟಕಿ ಮುಚ್ಚಿ ಮತ್ತೆ ಏರಿಸಿದೆ. ಮತ್ತೆ ಎಡಕ್ಕೆ. ಮೂರನೆಯ ಸಲ ಬಲಕ್ಕೆ ಬೀಳುವ ಹಾಗೆ ಏರಿಸಿದೆ. ಬಿತ್ತು. ದೇವರು ಒಪ್ಪಿದ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಭಕ್ತಿವಂತ ಮಹಿಳೆ!

ಹೊರಡುವ ಹಿಂದಿನ ದಿನ ಫಕ್ರುಸಾಬರು ಮತ್ತೆ ಬಂದರು. ಟಪಾಲೇನೂ ಇರಲಿಲ್ಲ. "ಹೋಗಬ್ಯಾಡ್ರಿ ಅನ್ನೂದಿಲ್ಲರಿ. ಒಂದ ಮಾತು ಹೇಳತೇನಿ, ಬಿಟ್ಟರ ಬಿಡ್ರಿ. ನಮ್ಮ ಕಚೇರ್ಯಾಗ ವಿಮಾ ಪಾರ್ಸಲ್ ಬಂದರ, ಅರಗಿನ ಮ್ಯಾಲ ಕಳಸಾವರ ಮುದ್ರಿ ಬೀಳಬೇಕು, ಒಯ್ಯಾವಂದಲ್ಲ. ಒಯ್ಯಾವನ ಮುದ್ರಿ ಆದರ, ಅವ ದಾರ್ಯಾಗ ಒಡದು ಮತ್ತ ಹಚ್ಚಬಹುದಲ್ಲರಿ? ನಿಮ್ಮ ಕಡೆ ನಿಮ್ಮದಾ ಒಂದು ಮುದ್ರಿ ಐತೇನ್ರಿ?" ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆದರೆ ಗೋಪೀಚಂದನ ಹಚ್ಚಿಕೊಳ್ಳುವ ನಮ್ಮ ಹಿತ್ತಾಳೆಯ ಶಂಖಮುದ್ರೆ ಪೂಜೆಯ ಚೀಲದಲ್ಲೇ ಇತ್ತು.

ನೀವು ನನ್ನನ್ನು ಧಾರವಾಡದಲ್ಲಿ ರೈಲು ಹತ್ತಿಸಿದಿರಿ. ಮನೆಯವರಿಗೆ ಕಚೇರಿಯ ಹೊತ್ತು, ಅಲ್ಲಿಂದಲೇ ತಿರುಗಿದರು. ಉಣಕಲ್ ಕೆರೆ ದಾಟುವವರೆಗೂ ನಿಮ್ಮ ತಾಳದ ಸದ್ದು ಕಿವಿಯಲ್ಲಿತ್ತು. ಆಮೇಲೆ ಬರೀ ಗಾಲಿಯ ಸದ್ದು.

ಹುಬ್ಬಳ್ಳಿಯಲ್ಲಿ ಕಂಪನಿಯವನು ಕಾಯುತ್ತಿದ್ದ. ಮಂಡಳಿಗೆ ಬಂದಿದ್ದ ಅದೇ ಊದಿನಕಡ್ಡಿಯವನು, ಈಗ ಕರಿ ಕೋಟು, ಎದೆಗೆ ಬಿಲ್ಲೆ. "ಬರ್ರಿ ತಾಯಿ, ಉಳದ ಯಾತ್ರಿಕರು ಗದಗಿನಾಗ ಹತ್ತತಾರ" ಎಂದು ಬಾಗಿ ನಮಸ್ಕಾರ ಮಾಡಿದ. ಅವನ ಪಕ್ಕದಲ್ಲಿ ಒಂದು ಹಸಿರು ಪೆಟ್ಟಿಗೆ, ಅದರ ಹಿಂದೆ ಜಮಖಾನೆ ಮುಚ್ಚಿದ ಇನ್ನೇನೋ ಒಂದು. ನಾನು ಒಂದೊಂದೇ ಮುಡಿಪನ್ನು ಇಟ್ಟೆ. ಗಿಂಡಿಯನ್ನು ಮಾತ್ರ ಇಡಲಾರದೆ ಹಿಡಿದು ನಿಂತೆ. "ಅದನ್ನೂ ಇಡ್ರಿ ತಾಯಿ, ಗಾಡಿ ಹೊತ್ತಾತು." ಅವನು ಅದನ್ನು ಕೈಯಿಂದ ತೆಗೆದುಕೊಂಡ. ಅಸ್ಥಿಯೆಂದು ಅವನಿಗೆ ಗೊತ್ತಿಲ್ಲ, ತಾಮ್ರವೆಂದಷ್ಟೇ ಗೊತ್ತು. ಬೆರಳಿನಿಂದ ಟಕ್ಕೆಂದು ಬಾರಿಸಿ ನೋಡಿದ. ಆ ಸದ್ದು ನನಗೆ ಇವತ್ತಿಗೂ ಕೇಳುತ್ತದೆ. ಯಜ್ಞೇಶ್ವರ ಮಾಸ್ತರರು ನನಗೆ ಚಿಕ್ಕಂದಿನಲ್ಲಿ ಹಳ್ಳಿಯಲ್ಲಿ ಅಕ್ಷರ ತಿದ್ದಿಸಿದವರು.

ಅವನು ಬೀಗ ಹಾಕಿ, ಅರಗು ಕರಗಿಸಿ, ಕಂಪನಿಯ ಮುದ್ರೆ ಎತ್ತಿದ. ನಾನು ಚೀಲದಿಂದ ಶಂಖಮುದ್ರೆ ತೆಗೆದೆ. ಅದು ಹೇಗೋ ಹೇಳಿದೆ: "ಅದರ ಬಾಜೂಕ ನಮ್ಮ ದೇವರ ಮುದ್ರಿನೂ ಒತ್ತತೀನಿ."

"ಕಂಪನಿ ಕಾಯದೇದಾಗ ಇಲ್ಲರಿ ತಾಯಿ."

"ದೇವರ ಮುದ್ರಿ ಬಿದ್ದರ ನಿಮ್ಮ ಕಂಪನಿಗೇನು ನಷ್ಟ?"

ಅವನು ನಕ್ಕ. ನಗು ಹಲ್ಲಿನಲ್ಲಿತ್ತು, ಕಣ್ಣಿನಲ್ಲಿ ಇರಲಿಲ್ಲ. "ಮುದುಕಿ, ಹಟಾ ಮಾಡಬ್ಯಾಡ" ಎಂದ. ಒಂದೇ ಗಳಿಗೆಯಲ್ಲಿ ತಾಯಿ ಮುದುಕಿಯಾದೆ. ಅವನ ಕೈ ಪೆಟ್ಟಿಗೆಯ ಹಿಡಿಕೆಗೆ ಹೋಯಿತು. ನಾನು ಏನು ಮಾಡಿದೆನೆಂದು ಕೇಳುತ್ತೀರಾ? ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟೆ. ದೇವರ ಮುಡಿಪಿನ ಮೇಲೆ, ಗುರುಗಳ ಅಸ್ಥಿಯ ಮೇಲೆ, ಕೈಯಲ್ಲಿ ಶಂಖಮುದ್ರೆ ಹಿಡಿದು ಕುಳಿತೆ. ಆ ಪಾಪವನ್ನು ದೇವರು ಯಾವ ಪುಟದಲ್ಲಿ ಬರೆದುಕೊಂಡಿದ್ದಾನೋ ತಿಳಿಯದು.

"ಸ್ಟೇಷನ್ ಮಾಸ್ತರರನ್ನ ಕೇಳಿ ಬರತೇನಿ" ಎಂದು ಅವನು ಸೇತುವೆ ಹತ್ತಿದ. ಗದಗಿನ ಗಾಡಿ ಬಂತು, ಹೋಯಿತು. ಅವನು ಬರಲಿಲ್ಲ.

ಆಗ ಆಚೆಯ ಬಾಕಿನಿಂದ ಫಕ್ರುಸಾಬರು ಎದ್ದು ಬಂದರು. ಅವತ್ತು ರಜೆ ಹಾಕಿ ಅದೇ ರೈಲಿಗೆ ಬಂದಿದ್ದರು. ಜಮಖಾನೆ ಎತ್ತಿದರು. ಅದರ ಕೆಳಗೆ ಅಂಥದೇ ಹಸಿರು ಪೆಟ್ಟಿಗೆ, ಅದೇ ಬೀಗ, ಅದೇ ಅರಗು, ಅದೇ ಮುದ್ರೆ. ಎತ್ತಿ ಅಲ್ಲಾಡಿಸಿದರೆ ಒಳಗೆ ಗಡಗಡ ಸದ್ದು, ಬೀಗ ಒಡೆದರೆ ಇಟ್ಟಂಗಿ. ನನ್ನ ಜೊತೆಗೆ ಕಾಶಿಗೆ ಬರಬೇಕಾಗಿದ್ದುದು ಆ ಇಟ್ಟಂಗಿ.

ಅವರು ಇನ್ನೊಂದರ ಬೀಗವನ್ನೂ ಒಡೆದು ನನ್ನ ಮುಡಿಪುಗಳನ್ನು ಬಿಡಿಸಿಕೊಟ್ಟರು. "ನಾ ಹೇಳಿರಲಿಲ್ಲೇನ್ರಿ" ಎನ್ನಲಿಲ್ಲ. "ಪೊಲೀಸರಿಗೆ ಹೇಳೂಣ್ರಿ ಬಾಯಾರ. ಅವ ಇನ್ನೊಂದು ಊರಿಗೆ ಹೋಗತಾನ" ಎಂದರು. ನಾನು ಸೆರಗು ಒಡ್ಡಿ ಬೇಡಿಕೊಂಡೆ: ಬೇಡ, ಹೆಸರು ಹೋಗುತ್ತದೆ, ಓಣಿಯಲ್ಲಿ ಮುಖ ಎತ್ತಲಾರೆ. ಅವರು ಪೊಲೀಸರ ಮಾತು ಬಿಟ್ಟು ಗಂಟು ಎತ್ತಿಕೊಂಡರು. ಆ ಮನುಷ್ಯ ಆಮೇಲೆ ಯಾವ ಊರಿಗೆ ಹೋದನೋ! ಯಾವ ಅಂಬಾಬಾಯಿಯ ಹತ್ತಿರ ಶಂಖಮುದ್ರೆ ಇರಲಿಲ್ಲವೋ! ನನ್ನ ಮಾನ ಉಳಿಸಿಕೊಳ್ಳಲು ನಾನು ಎಷ್ಟು ಓಣಿಗಳನ್ನು ಅವನಿಗೆ ಬಿಟ್ಟುಕೊಟ್ಟೆನೋ!

ಸಂಜೆ ಧಾರವಾಡ ಸ್ಟೇಷನ್ನಿನಲ್ಲಿಟ್ಟಿದ್ದ ಅವರ ಸೈಕಲ್ಲಿನ ಮೇಲೆ ಗಂಟು ಹೇರಿಕೊಂಡು ಓಣಿಗೆ ತಿರುಗಿ ಬಂದಾಗ ನೀವೆಲ್ಲ ಓಡಿ ಬಂದಿರಿ. ನಾನು ಹೇಳಿದೆ: "ಯುದ್ಧ ಹತ್ತೇದಲ್ಲ, ರೈಲೆಲ್ಲ ಸೈನ್ಯಕ್ಕ ಬೇಕಂತ. ಕಂಪನಿ ಯಾತ್ರಾ ಮುಂದ ಹಾಕ್ಯಾರ." ಕಾಶೀಬಾಯಿ ಫಕ್ರುಸಾಬರ ಕಡೆ ತಿರುಗಿ, "ಖರೇನೇನಪಾ?" ಎಂದು ಕೇಳಿದರು. ಫಕ್ರುಸಾಬರ ಮಾತೆಂದರೆ ಓಣಿಗೆ ಪ್ರಮಾಣ. ಅವರು ನನ್ನ ಮುಖ ನೋಡಿದರು. ಕಾಶಿ ವಿಷಯ ನಿಮಗೇನು ತಿಳಿಯುತ್ತದೆ ಎಂದವಳ ಮುಖ.

"ಹೌದರಿ" ಎಂದರು.

ಅದೇ ಆ ಒಂದು ಸುಳ್ಳು. ಮಾನ್ಯ ಅಧ್ಯಕ್ಷರೇ, ಅದನ್ನು ಅವರ ಲೆಕ್ಕದಿಂದ ತೆಗೆದು ನನ್ನ ಲೆಕ್ಕಕ್ಕೆ ಹಾಕಬೇಕೆಂದು ವಿನಂತಿ.

ನಾಲ್ಕು ವರ್ಷವಾಯಿತು. ಎರಡು ವರ್ಷದ ಹಿಂದೆ ತಮ್ಮ ಮೈದುನರು ಕಾಶಿಗೆ ಹೊರಟಾಗ ಕಾಶೀಬಾಯಿ, "ಗಿಂಡಿ ಅವರ ಕೂಡ ಕಳಸಲೇನ ಅಂಬಾ?" ಎಂದು ಕೇಳಿದರು. ಕೊಟ್ಟರೆ ಗುಟ್ಟು ಒಡೆಯುತ್ತದೆಂದು, "ಕೊಟ್ಟದ್ದು ತಿರುಗಿ ತಗೋಬಾರದು, ಇಂದೋ ನಾಳೆನೋ ಪತ್ರ ಬರ್ತದ" ಎಂದೆ. ಗಿಂಡಿ ನನ್ನ ಹಿತ್ತಲ ಮರದಲ್ಲಿ ತೂಗುತ್ತಲೇ ಇದೆ. ಹಬ್ಬಕ್ಕೆ ಹೋಳಿಗೆ ಬಡಿಸಿ, ತಾವು ಮಜ್ಜಿಗೆ ಅನ್ನ ಉಣ್ಣುವ ಆ ಕೈಯನ್ನು ನೋಡಿದಾಗಲೆಲ್ಲ ನಾನು ಎಲೆಯಲ್ಲಿ ಹೋಳಿಗೆ ಬಿಟ್ಟು ಎದ್ದಿದ್ದೇನೆ. ಕಾಶೀಬಾಯಿ, ಕಂಪನಿಯಿಲ್ಲ, ಪತ್ರವಿಲ್ಲ. ಎಂದೂ ಇರಲಿಲ್ಲ.

ನಾಳೆಯಿಂದ ಟಪಾಲಿಗೆ ಹೊಸಬರು ಬರುತ್ತಾರೆ. "ಬಾಯಾರ ಪತ್ರ ಬಂತೇನ್ರಿ?" ಎಂದು ನೀವು ಅವರನ್ನೂ ಕೇಳುತ್ತೀರಿ. ಇನ್ನೊಬ್ಬರ ನಾಲಿಗೆಯನ್ನು ಮೈಲಿಗೆ ಮಾಡುವ ಧೈರ್ಯ ನನಗಿಲ್ಲ.

ಈ ಮೇಜಿನ ಕೆಳಗೆ ನನ್ನ ಟ್ರಂಕು ಇದೆ. ಅದರಲ್ಲಿ ಇಪ್ಪತ್ತಮೂರು ಮುಡಿಪು ಇವೆ, ಒಂದನ್ನೂ ಬಿಚ್ಚಿಲ್ಲ. ತವರಿನಿಂದ ಬಂದ ನನ್ನ ಬಂಗಾರದ ಪುತಳಿ ಸರ ಮಾರಿ ಎರಡು ರೈಲು ಟಿಕೆಟು ತೆಗೆಸಿದ್ದೇನೆ. ನಮ್ಮ ಮನೆಯವರಿಗೆ ಇದೂ ಈಗಲೇ ಗೊತ್ತಾಗುತ್ತಿದೆ. ಅವರು ತಲೆ ಎತ್ತಿದ್ದಾರೆ, ಅಷ್ಟು ಸಾಕು. ಒಂದು ಟಿಕೆಟು ನನಗೆ, ಒಂದು ಕಾಶೀಬಾಯಿಗೆ. ಬರುವ ಸೋಮವಾರ. ಬಹುಮಾನವಲ್ಲ, ಕೊಂಡದ್ದು. ನಿನ್ನೆ ಫಕ್ರುಸಾಬರಿಗೆ ತೋರಿಸಿದೆ. ಹಿಂದೆ ಮುಂದೆ ತಿರುವಿ, ಬೆಳಕಿಗೆ ಹಿಡಿದು, ತಾರೀಖು ಓದಿ, "ಇವು ಖರೇ ಅದಾವರಿ ಬಾಯಾರ" ಎಂದರು. ಕಾಶಿಯ ವಿಷಯದಲ್ಲಿ ನನಗೆ ಇನ್ನು ಬೇರೆ ಪ್ರಮಾಣ ಬೇಡ.

ಕೊಟ್ಟ ಮುಡಿಪು ತಿರುಗಿ ಒಯ್ಯಬಾರದೆಂಬುದು ನಿಯಮ. ಆದರೆ ಸುಳ್ಳನ್ನು ನಂಬಿ ಕೊಟ್ಟದ್ದಕ್ಕೆ ನಿಯಮವಿಲ್ಲ. ನನ್ನ ಮೇಲೆ ನಂಬಿಕೆ ಹೋದವರು ತಮ್ಮ ಗಂಟನ್ನು ಒಯ್ಯಿರಿ, ದೋಷವೇನಿದ್ದರೂ ನನಗೆ. ಯಾರು ಒಯ್ದರೆಂದು ನಾನು ನಿಂತು ನೋಡುವುದಿಲ್ಲ. ಟ್ರಂಕಿಗೆ ಬೀಗ ಹಾಕಿಲ್ಲ, ಅರಗು ಹಚ್ಚಿಲ್ಲ. ಎಷ್ಟು ಉಳಿದಿದೆಯೆಂಬುದು ಸೋಮವಾರ ಎತ್ತಿದಾಗ ನನ್ನ ಕೈಗೇ ತಿಳಿಯಲಿ.

ಫಕ್ರುಸಾಬರೇ, ಅವತ್ತು ಆಡಿದ ಮಾತಿಗೆ ಇಡೀ ಸಭೆಯ ಎದುರು ಕೈ ಮುಗಿಯುತ್ತೇನೆ. ಇಷ್ಟು ಹೊತ್ತು ನನ್ನನ್ನು ಕೂಡ್ರಿಸದೆ ಕೇಳಿದ ಅಧ್ಯಕ್ಷರಿಗೂ, ನಿಮಗೂ ನಾನು ಋಣಿ. ಕಾಗದ ಮೇಜಿನ ಮೇಲಿಟ್ಟಿದ್ದೇನೆ. ಎರಡೂ ಕೈ ಜೋಡಿಸಿದ್ದೇನೆ.

ನಮಸ್ಕಾರ.