ಮಣ್ಣಿನ ಪಾಲಿನ ಮಜ್ಜಿಗಿ

ಆಗಸ್ಟ್ ಹನ್ನೊಂದು, ಸೋಮವಾರ. ಮುಂಜಾನಿಂದ ಮೋಡ ಹಾಕೇತಿ. ಮಳಿ ಇಲ್ಲ, ಬರೇ ಗಾಳಿ.

ಇಲ್ಲವಾ ಪೂಜಾ, ನಿಮ್ಮ ಅಜ್ಜ ಹೇಳತೇನಿ ಕೇಳು, ಕಂಡಕ್ಟರ ಸುಮ್ಮ ಸುಮ್ಮನ ‘ತಾಲೀಮ ಸ್ಟಾಪ್’ ಅಂತ ಒದರೂದಿಲ್ಲ. ನೀ ದಿನಾ ಕಾಲೇಜಿಗಿ ಬಸ್ ಹತ್ತತೀಯಲ್ಲ, ಹೈವೇದ ಬಾಜೂ ಆ ಸಣ್ಣ ರಸ್ತಾ, ಅಲ್ಲೇ ಇತ್ತು ನಮ್ಮ ಕುಸ್ತಿ ಮೈದಾನ. ಮೊದಲ ಅದು ಕಲ್ಲಿನ ಖಣಿ. ನಮ್ಮ ಯಮಕನಮರಡಿ ಮಂದಿ ಮನಿ ಕಟ್ಟಾಕ ಕಲ್ಲು ತಗದು ತಗದು ದೊಡ್ಡ ಕುಣಿ ಬಿದ್ದಿತ್ತು. ನಮ್ಮಪ್ಪನ ಕಾಲಕ್ಕ, ಅಲ್ಲ, ಅವರಪ್ಪನ ಕಾಲಕ್ಕ, ಊರಾವರೆಲ್ಲಾ ಕೂಡಿ ಸುತ್ತೂಕಡೆ ಮಂದಿ ಕೂಡಾಕ ಪಾವಟಿಗಿ ಮೆಟ್ಟಲಾ ಕಡದು, ನಡಬರಕ ಕೆಂಪ ಮಣ್ಣು ಹೇರಿ ಅಖಾಡಾ ಮಾಡಿದ್ರು. ಮ್ಯಾಲೆ ದಂಡಿಗೆ ಒಂದು ಸಣ್ಣ ಮನಿ, ಅದ ತಾಲೀಮು, ಪೈಲ್ವಾನರು ಸಾಮು ಮಾಡೂ ಜಾಗಾ. ವರ್ಷಕ್ಕ ಒಮ್ಮೆ ದೊಡ್ಡ ಕುಸ್ತಿ. ಹತ್ತರಗಿಯವರು ಆ ಬಾಜೂ ಕೂಡಬೇಕು, ನಮ್ಮೂರಾವರು ಈ ಬಾಜೂ. ಹತ್ತರಗಿಂದ ಬಂದ ಒಬ್ಬ ಅಳಿಯಾ ಇದ್ದ, ಮಾವನ ಅಂಜಿಕಿಗೆ ನಮ್ಮ ಕಡೆ ಕೂಡತಿದ್ದ, ಚಪ್ಪಾಳಿ ಮಾತ್ರ ಅವರೂರಿಗೆ ಹೊಡೀತಿದ್ದ. ನಗಬ್ಯಾಡ, ಖರೆ ಹೇಳಾಕತ್ತೇನಿ.

ನನ್ನ ಮೊದಲನೇ ಕೆಲಸಾ ಅಲ್ಲೇ. ಹದಿನೆಂಟು ವರ್ಷ ಆಗ ನನಗ. ಕುಸ್ತಿ ಆಡಾಕಲ್ಲ, ಮಣ್ಣು ಹದಾ ಮಾಡಾಕ. ಅಖಾಡಾದ ಮಣ್ಣು ಅಂದ್ರ ಹೊಲದ ಮಣ್ಣಲ್ಲವಾ, ದಿನಾ ಮುಂಜಾನೆ ಸಲಕಿಲೆ ಮೊಣಕಾಲಮಟ ಅಗದು ತಿರುವಿ ಹಾಕಬೇಕು. ಕುಸ್ತಿ ಇನ್ನ ಒಂದ ತಿಂಗಳ ಐತಿ ಅನ್ನೂದರಾಗ ಕುಸಬಿ ಎಣ್ಣಿ, ಅರಿಷಿಣ, ಲಿಂಬಿಹಣ್ಣಿನ ರಸಾ, ಮತ್ತ ಎಲ್ಲಾಕಿಂತ ಹೆಚ್ಚ ಮಜ್ಜಿಗಿ. ಮಜ್ಜಿಗಿ ಕುಡದ ಮಣ್ಣು ಮೆತ್ತಗ ಇರತೈತಿ, ಬಿದ್ದಾವಗ ಪೆಟ್ಟಾಗೂದಿಲ್ಲ. ಆ ಮಜ್ಜಿಗಿ ಯಾರೂ ಕೊಂಡ ತರತಿರಲಿಲ್ಲ. ಎಮ್ಮಿ ಇದ್ದ ಮನಿಯಾವರೆಲ್ಲಾ ಆ ತಿಂಗಳ ದಿನಕ್ಕೊಂದು ಗಡಗಿ ಮಣ್ಣಿನ ಪಾಲು ಅಂತ ತಗದು ಇಡತಿದ್ರು. ನಾನು ಮನಿ ಮನಿಗಿ ಹೋಗಿ ತರಬೇಕು. ತಾಲೀಮಿನ ಗುರುಗಳು ಸತ್ಯಪ್ಪ ವಸ್ತಾದರು, ಅವರ ನನ್ನ ಕೆಲಸಕ್ಕ ಇಟಗೊಂಡಾವರು. ಸುಗ್ಗ್ಯಾಗ ಊರಾವರು ಒಂದ ಚೀಲ ಜ್ವಾಳ ಕೊಡೂದು, ಅಷ್ಟ ನನ್ನ ಪಗಾರ.

ಆ ವರ್ಷ ಸುಗ್ಗಿ ಇನ್ನೂ ದೂರ ಇತ್ತು. ನಮ್ಮಪ್ಪನ ಕಾಲಮ್ಯಾಲೆ ಕಲ್ಲು ಬಿದ್ದು ಮನ್ಯಾಗ ಕುಂತಿದ್ದ. ರೇಷನ್ ಅಂಗಡ್ಯಾಗ ಕೆಂಪ ಜ್ವಾಳ ಕೊಡತಿದ್ರು, ಆ ಜ್ವಾಳದ ರೊಟ್ಟಿ ಬಡಿಯಾಕ ಬರತಿರಲಿಲ್ಲ, ನುಚ್ಚ ಮಾಡಿ ಕುದಸೂದು. ಬರೇ ನುಚ್ಚು ಗಂಟಲದಾಗ ಇಳೀಬೇಕಲ್ಲ? ನನ್ನ ತಂಗಿ, ನಿಮ್ಮ ಚಿಕ್ಕೋಡಿ ಅಜ್ಜಿ, ಆಗ ನಾಕ ವರ್ಷದಾಕಿ, ತಾಟು ಹಿಂದ ಸರಸತಿದ್ಲು. ಒಂದಿನ ಮಜ್ಜಿಗಿ ಗಡಗಿ ಹೊತ್ತು ನಮ್ಮ ಮನಿ ಮುಂದ ಹಾದು ಹೊಂಟಿದ್ನಿ. ಒಳಗ ಹ್ವಾದ್ನಿ. ಒಂದು ಚರಿಗಿ ಸುರುವಿ ಕೊಟ್ನಿ. ಮರುದಿನ ಎರಡು ಚರಿಗಿ. ಆಮ್ಯಾಲೆ ಏನಾತು, ದಿನಾ ಅರ್ಧಾಕ್ಕರ್ಧಾ ಮನ್ಯಾಗ, ಕಡಿಮಿ ಬಿದ್ದಿದ್ದಕ್ಕ ಬಾವಿ ನೀರು. ಅವ್ವ ಕೇಳಿದ್ರ ‘ವಸ್ತಾದರು ಕೊಟ್ರು’ ಅಂದ್ನಿ. ಒಂದು ತಿಂಗಳ ಹಂಗ ನಡೀತು. ಮಣ್ಣೇನು ಮಾತಾಡತೈತಿ, ಅನಕೊಂಡಿದ್ನಿ.

ಕುಸ್ತಿ ದಿನಾ ಬಂತು. ಪಾವಟಿಗಿ ತುಂಬ ಮಂದಿ, ಹಲಗಿ ಬಡ್ಯಾಕತ್ತಿದ್ರು. ಕಡೀ ಜೋಡಿ ಮೂಡಲಗಿ ಬಾಳಪ್ಪಂದು. ಎಂಥಾ ಪೈಲ್ವಾನ ಅಂತೀ, ಇಪ್ಪತ್ನಾಕು ವರ್ಷ, ನಿಂತ್ರ ಗ್ವಾಡಿ ನಿಂತಂಗ. ಎದುರಿನಾವ ಎತ್ತಿ ಒಗದ. ಬಾಳಪ್ಪ ಭುಜದ ಮ್ಯಾಲೆ ಬಿದ್ದ. ಮ್ಯಾಲೆ ಮೆತ್ತಗ ಕಾಣೂ ಮಣ್ಣು, ನಾಕ ಬೆರಳು ಕೆಳಗ ಹೆಂಟಿ ಕಟ್ಟಿ ಕಲ್ಲಾಗಿತ್ತು. ಟಕ್ ಅಂತು ನೋಡು. ಇಡೀ ಮೈದಾನಕ್ಕ ಕೇಳಿತು. ಹಲಗಿ ನಿಂತು. ಅವನ್ನ ಎತಗೊಂಡು ಹ್ವಾದ ಮ್ಯಾಲೆ ವಸ್ತಾದರು ಕೆಳಗ ಇಳದ್ರು, ಒಂದ ಚಿಮಟಿ ಮಣ್ಣು ನಾಲಿಗಿ ಮ್ಯಾಲೆ ಇಟ್ಟರು. ಹುಳಿ ಇಲ್ಲ. ನನ್ನ ಕಡೆ ನೋಡಿದ್ರು. ನಾನು ನೆಲಾ ನೋಡಿದ್ನಿ.

ಮಂದಿ ಎಲ್ಲಾ ಹೋಗೂತನಕಾ ತಡದ್ರು ಅವರು. ಮರುದಿನ ಕರದು ಕೇಳಿದ್ರು, “ಲಗಮಣ್ಣಾ, ಎಷ್ಟ ದಿನಾ?”

“ಒಂದ ತಿಂಗಳ್ರಿ.”

“ಮಾರಿದೇನು?”

“ಇಲ್ರಿ. ಮನ್ಯಾಗ ಉಂಡ್ವಿ.”

ಹೊಡೀತಾರ ಅನಕೊಂಡ್ನಿ. ಹೊಡದಿದ್ರ ಚಲೋ ಇತ್ತು. “ಮಣ್ಣಿನ ಪಾಲು ಮಣ್ಣಿಗಿ ತಿರುಗಿ ಬರಬೇಕು. ಯಾವ್ಯಾವ ಮನ್ಯಾಗ ತಂದಿದ್ದಿ, ಆ ಮನಿಗೆಲ್ಲಾ ಹೋಗು. ಏನ ಮಾಡಿದಿ ಅನ್ನೂದು ಮೊದಲ ಹೇಳು, ಆಮ್ಯಾಲೆ ಗಡಗಿ ಒಡ್ಡಿ ಮತ್ತ ಮಜ್ಜಿಗಿ ಬೇಡು. ಕಡೀಕ ಮೂಡಲಗಿಗಿ ಹೋಗು. ಬಾಳಪ್ಪ ಏನ ಕೇಳತಾನ, ಕೊಡು” ಅಂದ್ರು.

ಎಮ್ಮಿ ಇದ್ದ ಮನಿ ಮೂವತ್ತು ಮೂವತ್ತೈದು. ಒಬ್ಬೊಬ್ಬರದು ಒಂದೊಂದು ಬಾಯಿ. ಒಬ್ಬಾಕಿ ಅಂದ್ಲು, “ಹಂಗಾರ ನನ್ನ ಎಮ್ಮಿ ಹಾಲು ಕೊಟ್ಟಿದ್ದು ನಿನ್ನ ಮೀಸಿಗೇನು?” ಮೀಸಿ ಇನ್ನೂ ಬಂದಿರಲಿಲ್ಲ, ಅದು ಬ್ಯಾರೆ ಮಾತು. ಇನ್ನೊಬ್ಬಾಕಿ ಕದಾನ ಹಾಕಿದ್ಲು. ಗಂಗವ್ವ ಅಂತ ಒಬ್ಬಾಕಿ ಮುದಕಿ, ಕುರುಬರಾಕಿ, ಎಲ್ಲಾ ಕೇಳಿ ಕಡಗೋಲ ಕೆಳಗ ಇಟ್ಟು, “ಒಂದ ಗಡಗಿ ತಂದೀಯಲ್ಲೋ ಹುಚ್ಚಪ್ಯಾ, ಎರಡನೇದು ಎಲ್ಲಿ?” ಅಂದ್ಲು. ನನಗ ತಿಳೀಲಿಲ್ಲ. “ಒಂದು ಮಣ್ಣಿಗಿ. ನಿಮ್ಮವ್ವ ಏನ ಉಣ್ಣಬೇಕು? ಮೊದಲ ಬಾಯಿಬಿಟ್ಟು ಕೇಳಾಕ ನಿನಗೇನ ದಾಡಿ ಆಗಿತ್ತು?” ಅಂತ ತನ್ನದ ಒಂದು ಗಡಗಿ ತುಂಬಿ ಕೊಟ್ಲು. ಅಲ್ಲೀತನಕಾ ನಾನು ಅತ್ತಿರಲಿಲ್ಲ.

ಮೂಡಲಗಿಗಿ ಹ್ವಾದಾಗ ಬಾಳಪ್ಪ ಕಟ್ಟಿ ಮ್ಯಾಲೆ ಕುಂತಿದ್ದ, ಭುಜಕ್ಕ ಪಟ್ಟಿ ಸುತ್ತಿತ್ತು. ಅವರವ್ವ ನನ್ನ ನೋಡಿ ಒಳಗ ಎದ್ದು ಹ್ವಾದ್ಲು. ಹೇಳಿದ್ನಿ ಎಲ್ಲಾ. ಬಾಳಪ್ಪ ಭುಜದ ಪಟ್ಟಿ ಬಿಗಿ ಮಾಡಿಕೊಂಡ. ಆಮ್ಯಾಲೆ, “ನಿನ್ನ ಕಡೆ ಕೊಡಾಕ ಏನೈತಿ? ಭುಜಾ ನೆಟ್ಟಗಾದ ಮ್ಯಾಲೆ ನಾ ಅದ ಅಖಾಡಾದಾಗ ಇಳೀತೀನಿ. ಅಲ್ಲೀಮಟ ಮಣ್ಣು ನೀನ ಹದಾ ಮಾಡಬೇಕು. ನಾ ಬಿಡು ಅನ್ನೂತನಕಾ ಬಿಡಬಾರದು” ಅಂದ. ಹೂನ್ರಿ ಅಂದ್ನಿ. ಆರ ತಿಂಗಳ, ಭಾಳಂದ್ರ ವರ್ಷ, ಅಂತ ನನ್ನ ಲೆಕ್ಕಾ.

ಆ ಭುಜಾ ನೆಟ್ಟಗಾಗಲೇ ಇಲ್ಲವಾ. ಎಡಗೈ ತಲಿ ಮ್ಯಾಲೆ ಏರತಿರಲಿಲ್ಲ ಅಂವಗ. ನಾಕ ವರ್ಷಕ್ಕ ನನಗ ಗೋಕಾಕದ ಕಡೆ ನೂಲಿನ ಗಿರಣ್ಯಾಗ ಕೆಲಸಾ ಬಂತು, ತಿಂಗಳಾ ತಿಂಗಳಾ ಪಗಾರ. ನಿಮ್ಮ ಆಯಿ ಮದುವ್ಯಾಗಿ ಹೊಸದಾಗಿ ಬಂದಾಕಿ, ಟ್ರಂಕ್ ಸೈತ ತುಂಬಿದ್ಲು. ನಾನು ವಲ್ಲೆ ಅಂದ್ನಿ. ಎರಡ ದಿನಾ ಮಾತ ಬಿಟ್ಲು, ಮೂರನೇ ದಿನಾ, “ಹೋಗ್ರಿ, ಆ ಮಣ್ಣಿನ ಜೋಡಿನ ಸಂಸಾರ ಮಾಡ್ರಿ” ಅಂದ್ಲು. ಈಗೂ ಅಂತಾಳ ಒಮ್ಮೊಮ್ಮೆ. ಮುಂಜಾನೆ ಅಖಾಡಾ, ಹಗಲಾಗ ಅವರಿವರ ಹೊಲದಾಗ ಕೂಲಿ, ಹಂಗ ಇಪ್ಪತ್ತಾರು ವರ್ಷ. ವಸ್ತಾದರು ತೀರಿಕೊಂಡ್ರು. ಪೈಲ್ವಾನರು ಕಡಿಮಿ ಆದ್ರು, ಹುಡುಗೂರು ಕ್ರಿಕೆಟ್ ಹಚಗೊಂಡ್ರು. ಕಡೀ ಕಡೀಕ ಇಡೀ ಮೈದಾನದಾಗ ನಾನು, ನನ್ನ ಸಲಕಿ. ಆಮ್ಯಾಲೆ ಹೈವೇ ಅಗಲ ಮಾಡತೇವಿ ಅಂತ ಬಂದ್ರು, ಅಳದು ಹಳದೀ ಗೂಟಾ ಬಡದ್ರು. ಊರಾಗ ಯಾರೂ ಜಗಳಾ ತಗೀಲಿಲ್ಲ. ರಸ್ತಾನೂ ಬೇಕಲ್ಲ ಮಂದಿಗಿ.

ಮಶೀನ ಇಳಿಸೂ ಹಿಂದಿನ ದಿನಾ, ಮಧ್ಯಾಹ್ನದ ಬಸ್ಸಿಗಿ ಬಾಳಪ್ಪ ಬಂದ. ಮೀಸಿ ಬೆಳ್ಳಗಾಗಿತ್ತು. ಪಾವಟಿಗಿ ಇಳದು ಬಂದು, “ಮಣ್ಣು ಹದಾ ಮಾಡಿಯೇನು?” ಅಂದ.

“ಮಾಡೇನ್ರಿ, ಮುಂಜಾನೆ.”

“ನಾಳಿ ಕೆಡವತಾರ. ಇವತ್ತ ಯಾಕ ಮಾಡಿದಿ?”

“ನೀವು ಬಿಡು ಅಂದಿಲ್ಲಲ್ರಿ.”

ಅಂಗಿ ಕಳದು ಪಾವಟಿಗಿ ಮ್ಯಾಲೆ ಇಟ್ಟ. “ಇಳಿ” ಅಂದ.

“ನನಗ ಕುಸ್ತಿ ಬರೂದಿಲ್ರಿ. ನಾ ಬರೇ ಮಣ್ಣ ಮಾಡಾವ.”

“ಬೀಳಾಕ ಬರತೈತಿಲ್ಲ?”

ಇಳದ್ನಿ. ಒಂದ ಕೈಲೆ, ಬಲಗೈಲೆ, ನನ್ನ ಸೊಂಟಾ ಹಿಡದಿದ್ದಷ್ಟ ಗೊತ್ತು. ಆಕಾಶ ಹಿಂಗ ತಿರುಗಿತು, ಬೆನ್ನಮ್ಯಾಲೆ ಬಿದ್ದಿದ್ನಿ. ಇಪ್ಪತ್ತಾರು ವರ್ಷ ಅಗದ ಮಣ್ಣಿನ್ಯಾಗ ನಾ ಒಮ್ಮೆಯೂ ಬಿದ್ದಿರಲಿಲ್ಲ ನೋಡು. ಬಾಳಪ್ಪ ಮ್ಯಾಲಿಂದ ಬಗ್ಗಿ ನೋಡಿದ.

“ಪೆಟ್ಟಾತೇನು?”

“ಇಲ್ರಿ. ಗಾದಿ ಮ್ಯಾಲೆ ಬಿದ್ದಂಗಾತು.”

“ಹಂಗಾರ ತೀರಿತು ನಿಂದು. ಬಿಡು ಇನ್ನ” ಅಂದು ಕೈ ಕೊಟ್ಟು ಎಬಿಸಿದ.

ಮಂದಿ ಬೀಳೂ ಜಾಗಾ ಮೆತ್ತಗ ಇಡಬೇಕವಾ. ಅಷ್ಟ.