ಬಾವಿ ಮುಚ್ಚುವ ಠರಾವು

ಹೊಳೆಯಾಚೆಯ ಬೆಂಗರೆಗೆ ಹೋಗುವ ದೋಣಿ ಇನ್ನೂ ಬಂದಿರಲಿಲ್ಲ. ಮುನಿಸಿಪಾಲಿಟಿಗೆ ಹೊಸದಾಗಿ ಮೆಂಬರಾಗಿದ್ದ ಪುಂಡಲೀಕ ರಾಯರು ಬಂದರಿನ ಕಟ್ಟೆಯ ಮೇಲೆ ಕೊಡೆ ಊರಿಕೊಂಡು ಕುಳಿತಿದ್ದರು. ಅವರ ಬೆನ್ನ ಹಿಂದೆ ಮೀನು ಮಾರುವ ಬಾಗಿಯೂ, ಪೇಟೆಯಿಂದ ಆಚೆ ದಡದ ಮಗಳ ಮನೆಗೆ ಹೊರಟಿದ್ದ ಮುದುಕಿ ಐಸಮ್ಮನೂ ಮಾತಾಡುತ್ತಿದ್ದರು.

"ನಿಮ್ಮ ಓಣಿಯ ಬಾವಿ ಮುಚ್ತಾರಂತೆ, ಹೌದಾ ಐಸಮ್ಮ?"

"ಹೌದು ಮಾರಾಯ್ತಿ. ಆ ನೀರಿನಿಂದ ವಾಂತಿಭೇದಿ ಬರ್ತದಂತೆ. ಬದಲಿಗೆ ಮಾರ್ಗದ ಬದಿಯಲ್ಲಿ ನೀರಿನ ನಳ್ಳಿ ಹಾಕ್ತಾರೆ."

"ಒಳ್ಳೇದೇ ಆಯ್ತಲ್ಲ! ಹಗ್ಗ ಎಳೆಯುವುದು ತಪ್ಪಿತು."

"ಸೊಸೆಯಂದಿರು ಎಂತ ಮಾಡುವುದು? ಬಾವಿಗಾದರೆ ಹಿತ್ತಿಲಿನಿಂದಲೇ ಹೋಗ್ತಿದ್ದರು. ಗಾಡಿಯವರು, ಹಮಾಲರು ತುಂಬಿದ ಮಾರ್ಗದಲ್ಲಿ ಕೊಡ ಹಿಡಿದು ನಿಲ್ಲಲಿಕ್ಕೆ ಆಗ್ತದಾ?"

"ಮೆಂಬರಿಗೆ ಹೇಳಲಿಲ್ವಾ?"

"ಯಾರು ಹೇಳುವುದು? ಗಂಡಸರಿಗೆ ನೀರು ಮನೆಯೊಳಗೇ ಸಿಗ್ತದೆ."

ಮೊನ್ನೆಯ ಸಭೆಯಲ್ಲಿ ಆ ಠರಾವಿಗೆ ಮೊದಲು ಕೈ ಎತ್ತಿದವರು ರಾಯರೇ. ಅವರು ತಿರುಗಿ ನೋಡಲಿಲ್ಲ.

ದೋಣಿ ಬಂತು. ಬಾಗಿಯು ಮೀನಿನ ಬುಟ್ಟಿ ಹೊತ್ತುಕೊಂಡು, ಐಸಮ್ಮನ ಕೈ ಹಿಡಿದು ಹತ್ತಿಸಿದಳು.

"ನೀವು ಬರುವುದಿಲ್ವಾ ಧಣಿ?" ಅಂಬಿಗ ಕರೆದ.

ರಾಯರು ಇಲ್ಲವೆಂದು ಕೈಯಾಡಿಸಿದರು. ದೋಣಿ ದೂರ ಸರಿದ ಮೇಲೆ ಎದ್ದು, ಆ ಬಾವಿಯ ಓಣಿಗೆ ದಾರಿ ಯಾವುದೆಂದು ಹತ್ತಿರದ ಅಂಗಡಿಯವನನ್ನು ಕೇಳಿದರು.