ಟ್ರ್ಯಾಕಿನ ನಡುವಿನ ಮನೆ

ಕಿವಿ ಡಾಕ್ಟರ ಬಾಗಿಲಲ್ಲಿ ನನ್ನ ಪಕ್ಕ ಯಾರೋ ಒಬ್ಬ ಅತ್ತೆ, ಅವರ ತುಂಬು ಬಸುರಿ ಸೊಸೆ ಕೂತಿದ್ದರು.

"ಮಾವ ಮನೆ ಸುತ್ತಲೇ ಯಾಕತ್ತೆ ರೇಸ್ ಟ್ರ್ಯಾಕ್ ಮಾಡಿಸಿದ್ರು?"

"ಮೊದಲು ಬರೀ ಮಣ್ಣಿನ ದಾರಿ ಕಣೇ. ಗೆಳೆಯರ ಜತೆ ಬೈಕ್ ಓಡಿಸೋರು. ಆಮೇಲೆ ಡಾಂಬರು ಬಂತು, ಗ್ಯಾಲರಿ ಬಂತು, ಬೇಲಿ ಬಂತು. ನಾವು ನಡುವೆ ಉಳಿದ್ವಿ."

"ರೇಸ್ ಶುರುವಾದ್ರೆ ಗೇಟೇ ತೆಗೆಯಲ್ಲ."

"ನಿನ್ನ ಗಂಡ ಹುಟ್ಟೋ ದಿನಾನೂ ತೆಗೀಲಿಲ್ಲ. ಹೊರಗೆ ಗಾಡಿ ಸುತ್ತುತ್ತಲೇ ಇದ್ವು, ನಾನು ಅಡುಗೆಮನೇಲೇ ಹೆತ್ತೆ."

"ಅತ್ತೆ, ನಂಗೆ ಭಯ ಆಗುತ್ತೆ. ನಾಳೆ ರೇಸಿದೆ."

"ಹಾಗಾದ್ರೆ ಮನೆಗೆ ಬರ್ಬೇಡ. ಹೀಗೇ ತವರಿಗೆ ಹೋಗಿಬಿಡು."

"ನೀವೂ ಬನ್ನಿ."

"ನಿಮ್ಮ ಮಾವ ಒಬ್ಬರೇ ಒಳಗಿದ್ದಾರಲ್ಲೇ."

ನರ್ಸ್ ಕರೆದಳು. ಅತ್ತೆ ಡಾಕ್ಟರ ಕೋಣೆಗೆ ಹೋದರು, ಸೊಸೆ ಕಣ್ಣೊರೆಸಿಕೊಂಡು ಬಸ್ ನಿಲ್ದಾಣದ ಕಡೆಗೆ.